ಘಾಟು, ಒಗರು, ಕಂಪು: ವಿಸ್ಕಿ ಸವಿಯುವವರ ಪ್ರಶ್ನೋತ್ತರ

ಈ ಸಲದ ಅಂಚೆಯಲ್ಲಿ ಹೆಚ್ಚಿನ ಓದುಗರು ಮನೆಯಲ್ಲಿ ಈಗ ತೆರೆದಿರುವ ಬಾಟಲಿ ಯಾವುದು, ಅದರಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂದು ಬರೆದಿದ್ದಾರೆ. ಗೋವಾ, ಪುಣೆ, ಮುಂಬಯಿ ಉಪನಗರಗಳಿಂದ ಬಂದ ಪತ್ರಗಳಲ್ಲಿ ಒಂದು ದೂರು ಮತ್ತೆ ಮತ್ತೆ ಇದೆ: ಓದಿದ ರುಚಿ ಗ್ಲಾಸಿನಲ್ಲಿ ಸಿಗುವುದಿಲ್ಲ. ಬಹುಪಾಲು ಕಾರಣ ನಮ್ಮ ಸೆಕೆ, ನಮ್ಮ ನೀರು, ನಮ್ಮ ಲೋಟ. ಉಳಿದದ್ದು ಪದಗಳ ತೊಡಕು. ನಾಲಿಗೆಯಲ್ಲಿ ಕೊರತೆಯೇನೂ ಇಲ್ಲ.

ನಮ್ಮೂರಿನದೇ ವಿಸ್ಕಿ ಎಂಬ ಅಭಿಮಾನದಿಂದ ಪಾಲ್ ಜಾನ್ ಬ್ರಿಲಿಯನ್ಸ್ ತಂದಿದ್ದೇನೆ. ಜೇನು, ಮಸಾಲೆ ಎಂದೆಲ್ಲ ಓದಿದ್ದೆ. ಗ್ಲಾಸಿಗೆ ಮೂಗಿಟ್ಟರೆ ಬರೀ ಸ್ಪಿರಿಟ್ ಘಾಟು, ಕಣ್ಣಲ್ಲಿ ನೀರು. ನನ್ನ ಮೂಗಿಗೇ ಅಭ್ಯಾಸವಿಲ್ಲವೇ?
– ಮಡಗಾಂವ್

ಮೂಗಿನ ತಪ್ಪೂ ಅಲ್ಲ, ವಿಸ್ಕಿಯ ತಪ್ಪೂ ಅಲ್ಲ. ಬ್ರಿಲಿಯನ್ಸ್‌ನಲ್ಲಿ ಆಲ್ಕೋಹಾಲ್ ಶೇ. 46. ವಿಸ್ಕಿ ಬಗ್ಗೆ ಬರೆಯುವ ಯುರೋಪಿನವರು ‘ಕೋಣೆಯ ಉಷ್ಣತೆ’ ಎಂದಾಗ ಅವರ ತಲೆಯಲ್ಲಿರುವುದು 18ರಿಂದ 20 ಡಿಗ್ರಿಯ ಕೋಣೆ. ಬೇಸಿಗೆಯ ಮಡಗಾಂವ್‌ನಲ್ಲಿ ಅದೇ ಕೋಣೆ 32 ಡಿಗ್ರಿ ಇರುತ್ತದೆ. ಅಷ್ಟು ಬಿಸಿಗೆ ಆಲ್ಕೋಹಾಲ್ ಭರ್ರೆಂದು ಆವಿಯಾಗಿ ಮೂಗನ್ನು ಮೊದಲೇ ತುಂಬುತ್ತದೆ. ಅದರ ಹಿಂದಿರುವ ಜೇನಿಗೆ ಜಾಗವೇ ಉಳಿಯುವುದಿಲ್ಲ.

ಗ್ಲಾಸಿನಿಂದ ಶುರು ಮಾಡಿ. ಹೊಟ್ಟೆ ಅಗಲ, ಬಾಯಿ ಕಿರಿದು ಇರುವ ಗ್ಲಾಸು ಬೇಕು. 2001ರಲ್ಲಿ ಬಂದ ಗ್ಲೆನ್‌ಕೇರ್ನ್ ಗ್ಲಾಸು ಇದಕ್ಕೆಂದೇ ಮಾಡಿದ್ದು. ಅದು ಸಿಗದಿದ್ದರೆ ಚಿಕ್ಕ ವೈನ್ ಗ್ಲಾಸು ಸಾಕು. ಸ್ಟೀಲ್ ಲೋಟದಲ್ಲೂ ಅಗಲ ಬಾಯಿಯ ನೇರ ಗೋಡೆಯ ಗ್ಲಾಸಿನಲ್ಲೂ ಕಂಪು ನಿಲ್ಲುವುದಿಲ್ಲ. ದೊಡ್ಡ ಬಲೂನಿನಂಥ ಬ್ರಾಂಡಿ ಗ್ಲಾಸಿನ ತೊಂದರೆ ಬೇರೆ. ಅಂಗೈಯ ಬಿಸಿ ತಾಗಿ ಘಾಟು ಇನ್ನಷ್ಟು ಏರುತ್ತದೆ. ಗ್ಲಾಸನ್ನು ಕಪಾಟಿನಲ್ಲಿ ಬೋರಲು ಹಾಕಿಡುವುದು ನಮ್ಮ ಮನೆಗಳ ರೂಢಿ. ಹಾಗಿಟ್ಟರೆ ಮರದ, ಬಟ್ಟೆಯ ವಾಸನೆ ಒಳಗೇ ಕೂತಿರುತ್ತದೆ. ಸುರಿಯುವ ಮುಂಚೆ ಖಾಲಿ ಗ್ಲಾಸನ್ನು ಒಮ್ಮೆ ಮೂಸಿ ನೋಡಿ.

ಇನ್ನು ಕ್ರಮ. 15ರಿಂದ 20 ಮಿಲಿ ಸುರಿದು, ಮೇಲೆ ಚಿಕ್ಕ ಸ್ಟೀಲ್ ತಟ್ಟೆ ಮುಚ್ಚಿ, ಗ್ಲಾಸಿನ ಬುಡವನ್ನು ಮಡಕೆಯ ತಣ್ಣೀರು ತುಂಬಿದ ಬಟ್ಟಲಿನಲ್ಲಿ ಹತ್ತು ನಿಮಿಷ ಇಡಿ. ಐಸ್ ನೀರು ಬೇಡ, ಅದು ಕಂಪನ್ನೇ ಹೆಪ್ಪುಗಟ್ಟಿಸಿದಂತೆ ಮಾಡುತ್ತದೆ. ತಟ್ಟೆ ತೆಗೆದ ಮೇಲೆ ಗ್ಲಾಸನ್ನು ಗಲ್ಲದ ಮಟ್ಟಕ್ಕೆ ಹಿಡಿದು, ಬಾಯಿ ತುಸು ತೆರೆದು ಉಸಿರೆಳೆಯಿರಿ. ಘಾಟು ಬಾಯಿಯಿಂದ ಹೊರಟುಹೋಗುತ್ತದೆ. ಅಲ್ಲಿಂದ ನಿಧಾನವಾಗಿ ಮೂಗಿನ ಹತ್ತಿರ ತನ್ನಿ. ಒಂದೊಂದು ಸಲಕ್ಕೆ ಎರಡೇ ಸೆಕೆಂಡು. ಒಮ್ಮೆ ಎಡ ಹೊಳ್ಳೆ, ಒಮ್ಮೆ ಬಲ ಹೊಳ್ಳೆ. ಮೂಗು ದಣಿದರೆ ನಿಮ್ಮದೇ ಮೊಣಕೈ ಮಡಚಿನ ಚರ್ಮವನ್ನು ಮೂಸಿ, ಮೂಗು ಮತ್ತೆ ಸರಿಹೋಗುತ್ತದೆ.

ಮೊದಲ ಗುಟುಕು ಎರಡು ಮೂರು ಮಿಲಿಗಿಂತ ಹೆಚ್ಚು ಬೇಡ. ಅದು ನಾಲಿಗೆಯನ್ನು ಒಗ್ಗಿಸುವುದಕ್ಕೆ ಮಾತ್ರ, ಅದರ ಮೇಲೆ ತೀರ್ಪು ಕೊಡಬಾರದು. ಎರಡನೆಯದನ್ನು ಹತ್ತು ಸೆಕೆಂಡು ಬಾಯಲ್ಲಿಟ್ಟು, ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಜೇನು ಬರುವುದಿದ್ದರೆ ಅಲ್ಲೇ ಬರುತ್ತದೆ.

ನನ್ನ ಟಿಪ್ಪಣಿ: ಅಮೃತ್ ಫ್ಯೂಷನ್, ಶೇ. 50. ಮೊದಲು ಒಲೆಯ ಬೂದಿ, ಆಮೇಲೆ ಕಳಿತ ಹಣ್ಣು, ಕೊನೆಗೆ ಕರಿಮೆಣಸಿನ ಉರಿ. ನೀರು ಬೆರೆಸಿದರೆ ಒಮ್ಮೆ ಚೆನ್ನಾಗಿರುತ್ತದೆ, ಒಮ್ಮೆ ಪೇಲವ. ಎಷ್ಟು ಹಾಕಬೇಕು ಎಂಬುದಕ್ಕೆ ಲೆಕ್ಕ ಇದೆಯೇ? ಇನ್ನೊಂದು ಬಾಟಲಿಗೆ ನೀರು ಹಾಕಿದಾಗ ಮಬ್ಬಾಯಿತು, ಅದು ಕಲಬೆರಕೆಯೇ?
– ಕೋಥ್ರೂಡ್, ಪುಣೆ

ನಿಮ್ಮ ಟಿಪ್ಪಣಿ ಒಳ್ಳೆಯದಿದೆ. ಬೆಂಗಳೂರಿನ ಅಮೃತ್ ಕಂಪನಿಯ ಈ ಫ್ಯೂಷನ್‌ನಲ್ಲಿ ಕಾಲು ಭಾಗ ಸ್ಕಾಟ್ಲೆಂಡಿನ ಹೊಗೆ ತಾಗಿಸಿದ ಬಾರ್ಲಿ, ಮುಕ್ಕಾಲು ಭಾಗ ಹೊಗೆಯಿಲ್ಲದ ಭಾರತದ ಬಾರ್ಲಿ. ಎರಡನ್ನೂ ಬೇರೆಬೇರೆಯಾಗಿ ಬಟ್ಟಿ ಇಳಿಸಿ, ಪೀಪಾಯಿಯಲ್ಲಿ ಮಾಗಿಸಿ, ಆಮೇಲೆ ಬೆರೆಸುತ್ತಾರೆ. ಬೂದಿ ಮೊದಲು, ಹಣ್ಣು ಆಮೇಲೆ ಎಂದು ನೀವು ಬರೆದದ್ದು ಆ ಎರಡು ಪಾಲುಗಳನ್ನೇ.

ಲೆಕ್ಕ ಖಂಡಿತ ಇದೆ. ವಿಸ್ಕಿಯ ಮಿಲಿಯನ್ನು ಲೇಬಲ್ಲಿನ ಶೇಕಡಾದಿಂದ ಗುಣಿಸಿ, ಬೇಕಾದ ಶೇಕಡಾದಿಂದ ಭಾಗಿಸಿ. ಬಂದದ್ದು ಒಟ್ಟು ಅಳತೆ. ಅದರಲ್ಲಿ ವಿಸ್ಕಿ ಕಳೆದರೆ ಉಳಿದದ್ದು ನೀರು. ನಿಮ್ಮ 30 ಮಿಲಿ ಫ್ಯೂಷನ್ ಶೇ. 50ರಿಂದ 40ಕ್ಕೆ ಇಳಿಯಲು 7.5 ಮಿಲಿ ನೀರು ಸಾಕು. ಪಾಲ್ ಜಾನ್ ಕ್ಲಾಸಿಕ್ ಸೆಲೆಕ್ಟ್ ಕಾಸ್ಕ್ ಶೇ. 55.2 ಇರುತ್ತದೆ. ಅದನ್ನು 46ಕ್ಕೆ ತರಲು 30 ಮಿಲಿಗೆ ಸರಿಯಾಗಿ 6 ಮಿಲಿ. ಮಾಮೂಲಿ ಶೇ. 42.8ರ ವಿಸ್ಕಿ 40ಕ್ಕೆ ಬರಲು ಬೇಕಾದದ್ದು ಬರೀ 2 ಮಿಲಿ. ಅಂದಾಜಿನಲ್ಲಿ ಜಗ್ಗಿನಿಂದ ಸುರಿದರೆ 20–30 ಮಿಲಿ ಬಿದ್ದುಬಿಡುತ್ತದೆ, ಆಗ ಪೇಲವವಾಗದೆ ಇನ್ನೇನಾದೀತು? ಮೆಡಿಕಲ್ ಅಂಗಡಿಯಲ್ಲಿ ಸೂಜಿಯಿಲ್ಲದ 5 ಮಿಲಿ ಸಿರಿಂಜ್ ಸಿಗುತ್ತದೆ. ಒಂದು ಕೊಂಡಿಟ್ಟುಕೊಳ್ಳಿ. 2 ಮಿಲಿ ಹಾಕಿ, ಒಂದು ನಿಮಿಷ ಬಿಟ್ಟು, ಮೂಸಿ, ಆಮೇಲೆ ಮತ್ತೆರಡು ಮಿಲಿ.

ನೀರು ಹಾಕಿದಾಗ ಹೊಗೆಯ ಕಂಪು ಹೆಚ್ಚಾಗಿ ತಿಳಿಯುತ್ತದೆ, ಅದಕ್ಕೂ ಕಾರಣವಿದೆ. ಹೊಗೆಯ ಕಂಪು ಕೊಡುವ ಗ್ವಾಯಕಾಲ್ ಎಂಬ ವಸ್ತು, ಆಲ್ಕೋಹಾಲ್ ಬಹಳ ಇದ್ದಾಗ ದ್ರವದೊಳಗೇ ಅಡಗಿರುತ್ತದೆ. ತೆಳುವಾದಾಗ ಮೇಲ್ಮೈಗೆ ಬರುತ್ತದೆ. 2017ರಲ್ಲಿ ಸ್ವೀಡನ್ನಿನ ಸಂಶೋಧಕರು ಕಂಪ್ಯೂಟರ್ ಲೆಕ್ಕದಿಂದ ಇದನ್ನು ತೋರಿಸಿದರು.

ನೀರು ಎಲ್ಲಿಯದು ಎಂಬುದೂ ಮುಖ್ಯ. ನಲ್ಲಿ ನೀರಿನ ಕ್ಲೋರಿನ್ ವಾಸನೆ ವಿಸ್ಕಿಯನ್ನು ಕೆಡಿಸುತ್ತದೆ. ಮುಚ್ಚಳ ತೆಗೆದು ಐದು ನಿಮಿಷ ಕುದಿಸಿ ಆರಿಸಿದರೆ ಬಹುಪಾಲು ಹೋಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಉಪ್ಪುಪ್ಪಾದ ಜಡ ರುಚಿ ಇರುತ್ತದೆ, ಅದು ಕುದಿಸಿದರೂ ಪೂರ್ತಿ ಹೋಗದು. ಪುಣೆಯಲ್ಲಿ ಬೋರ್ ನೀರಿನ ಸೊಸೈಟಿಯವರು ಆರ್‌ಓ ನೀರನ್ನೇ ಬಳಸಿ. ಐಸ್ ಹಾಕುವವರು ಫ್ರೀಜರಿನಲ್ಲಿ ಏನಿದೆ ಎಂದು ನೋಡಿಕೊಳ್ಳಬೇಕು. ಬಂಗುಡೆ ಇಟ್ಟ ಫ್ರೀಜರಿನ ಐಸ್ ಎರಡೇ ದಿನದಲ್ಲಿ ಮೀನಿನ ವಾಸನೆ ಹಿಡಿಯುತ್ತದೆ. ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ದೊಡ್ಡ ಗಡ್ಡೆಯಾಗಿ ಮಾಡಿಕೊಳ್ಳಿ. ಅದು ನಿಧಾನವಾಗಿ ಕರಗುತ್ತದೆ.

ಮಬ್ಬಾಗುವುದು ಕಲಬೆರಕೆ ಅಲ್ಲವೇ ಅಲ್ಲ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ವಿಸ್ಕಿಯಲ್ಲಿ ಜಿಡ್ಡಿನ ಗುಣದ ಎಸ್ಟರುಗಳಿರುತ್ತವೆ. ತಣ್ಣಗಾದಾಗ ಅಥವಾ ನೀರು ಬಿದ್ದು ಸುಮಾರು ಶೇ. 46ರ ಕೆಳಗೆ ಇಳಿದಾಗ ಅವು ಕರಗಿರಲಾರದೆ ಮಂಜಿನಂತೆ ಕಾಣುತ್ತವೆ. ಇದು ಕಾಣದಿರಲೆಂದು ಕೆಲವು ಕಂಪನಿಗಳು ವಿಸ್ಕಿಯನ್ನು ತಣ್ಣಗೆ ಮಾಡಿ ಸೋಸುತ್ತವೆ, ಆಗ ಸ್ವಲ್ಪ ಜಿಡ್ಡು, ಸ್ವಲ್ಪ ರುಚಿ ಎರಡೂ ಹೋಗುತ್ತವೆ. ಮಬ್ಬಾಗುವ ಬಾಟಲಿ ಸಿಕ್ಕಿದ್ದಕ್ಕೆ ಖುಷಿಪಡಿ.

ಹೆಚ್ಚಿನ ದೇಶಿ ವಿಸ್ಕಿಗಳ ಲೇಬಲ್ಲಿನಲ್ಲಿ ಶೇ. 42.8 ಎಂಬ ಬಿಡಿ ಸಂಖ್ಯೆ ಏಕೆ? 43 ಎನ್ನಬಾರದೇ?
– ಕುರ್ಲಾ

ಹಳೆಯ ಬ್ರಿಟಿಷ್ ಪ್ರೂಫ್ ಲೆಕ್ಕ. ಅದರಲ್ಲಿ 100 ಡಿಗ್ರಿ ಪ್ರೂಫ್ ಎಂದರೆ ಶೇ. 57.1 ಆಲ್ಕೋಹಾಲ್. 75 ಡಿಗ್ರಿಗೆ ಶೇ. 42.8 ಬರುತ್ತದೆ. ಬ್ರಿಟಿಷರು ಹೋದರೂ ಅಳತೆ ಉಳಿಯಿತು. ಲೇಬಲ್ಲಿನ ಮೂಲೆಯಲ್ಲಿ 75 ಡಿಗ್ರಿ ಪ್ರೂಫ್ ಎಂದು ಇನ್ನೂ ಅಚ್ಚಾಗಿರುವುದನ್ನು ಕಾಣಬಹುದು.

ಸ್ಕಾಟ್ಲೆಂಡಿನವರ ಟಿಪ್ಪಣಿಗಳಲ್ಲಿ ಹೀದರ್ ಹೂವು, ಟಾಫಿ, ಕ್ರಿಸ್‌ಮಸ್ ಕೇಕು. ನಾನು ಅವುಗಳಲ್ಲಿ ಅರ್ಧವನ್ನು ಕಂಡೇ ಇಲ್ಲ. ನಾವು ಕನ್ನಡದಲ್ಲಿ ಏನೆಂದು ಬರೆಯಬೇಕು?
– ಡೊಂಬಿವಲಿ

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಧನ್ಯವಾದ. ನಮ್ಮ ಮಟ್ಟಿಗೆ ವಿಸ್ಕಿ ಸವಿಯುವುದರ ತಿರುಳೇ ಇದು. ಕಾಣದ ಹೂವಿನ ಹೆಸರು ಬರೆದರೆ ಅದು ನಕಲು. ನಿಮ್ಮ ಅಡುಗೆಮನೆಯಲ್ಲಿ, ತೋಟದಲ್ಲಿ, ಊರಿನ ಅಟ್ಟದಲ್ಲಿ ಮೂಸಿದ್ದನ್ನೇ ಬರೆಯಿರಿ. ಕನ್ನಡದಲ್ಲಿ ವಾಸನೆ, ರುಚಿಗಳಿಗೆ ಇರುವಷ್ಟು ನಿಖರ ಪದಗಳು ಸುಮ್ಮನೆ ಬಿದ್ದಿವೆ. ಮೂಗಿಗೆ ಚುಚ್ಚುವುದು ಘಾಟು. ಹಳೆಯ ಎಣ್ಣೆಯದು ಕಮಟು. ಮಳೆಗಾಲದ ಪೆಟ್ಟಿಗೆಯದು ಮುಗ್ಗಲು. ತಳ ಹಿಡಿದ ಪಾಯಸದ್ದು ಸೀದ ವಾಸನೆ. ಎಳೆ ಅಡಿಕೆ, ನೇರಳೆಹಣ್ಣು ಬಾಯನ್ನು ಹಿಡಿದಂತಾಗುವುದು ಒಗರು. ಇಷ್ಟೇ ಪದಗಳಿಂದ ಅರ್ಧ ಟಿಪ್ಪಣಿ ಮುಗಿಯುತ್ತದೆ.

ಇದು ಬರೀ ಕವಿತ್ವವೂ ಅಲ್ಲ. ಲವಂಗದ ಕಂಪಿಗೆ ಕಾರಣವಾದ ಯೂಜಿನಾಲ್ ಓಕ್ ಮರದಲ್ಲೂ ಇದೆ, ಪೀಪಾಯಿಯಿಂದ ವಿಸ್ಕಿಗೆ ಇಳಿಯುತ್ತದೆ. ಹಾಗಾಗಿ ‘ಲವಂಗ’ ಎಂದು ಬರೆದವರು ನಿಜವಾಗಿ ಲವಂಗದ ವಸ್ತುವನ್ನೇ ಮೂಸಿರುತ್ತಾರೆ. ಅಮೆರಿಕದ ಓಕ್‌ನಲ್ಲಿ ಹೇರಳವಾಗಿರುವ ಓಕ್ ಲ್ಯಾಕ್ಟೋನ್ ಒಣಕೊಬ್ಬರಿಯ ಕಂಪು ಕೊಡುತ್ತದೆ. ಪೀಪಾಯಿಯ ಒಳಮೈಯನ್ನು ಸುಟ್ಟಾಗ ಮರದ ಲಿಗ್ನಿನ್ ಒಡೆದು ವೆನಿಲಿನ್ ಆಗುತ್ತದೆ, ಐಸ್‌ಕ್ರೀಮಿನ ವೆನಿಲಾ ಅದೇ. ಹುದುಗು ಬರುವಾಗ ಯೀಸ್ಟ್ ತಯಾರಿಸುವ ಐಸೋಅಮೈಲ್ ಅಸಿಟೇಟ್ ಬಾಳೆಹಣ್ಣಿನದೇ ಪರಿಮಳ, ಕಳಿತ ಹಲಸಿನ ತೊಳೆಯಲ್ಲೂ ಅದರ ನೆನಪಾಗುತ್ತದೆ. ಶೆರ್ರಿ ಎಂಬ ಸ್ಪೇನಿನ ವೈನ್ ತುಂಬಿದ್ದ ಪೀಪಾಯಿಯಲ್ಲಿ ಮಾಗಿದ ವಿಸ್ಕಿಗೆ ಒಣದ್ರಾಕ್ಷಿ, ಖರ್ಜೂರ, ಜೋನಿಬೆಲ್ಲ. ಕ್ರಿಸ್‌ಮಸ್ ಕೇಕು ಎಂದು ಅವರು ಬರೆಯುವುದು ಇದನ್ನೇ.

ದೋಷಗಳಿಗೂ ಹೆಸರಿದೆ. ಬೆಂಕಿಕಡ್ಡಿ ಗೀರಿದ ವಾಸನೆ, ಬೇಯಿಸಿದ ಎಲೆಕೋಸಿನ ವಾಸನೆ ಬಂದರೆ ಗಂಧಕ. ಶೆರ್ರಿ ಪೀಪಾಯಿ ಕೆಡದಿರಲೆಂದು ಒಳಗೆ ಗಂಧಕ ಉರಿಸುವ ರೂಢಿಯಿಂದ ಬಂದಿರಬಹುದು, ಭಟ್ಟಿಯ ತಾಮ್ರ ಅದನ್ನು ಸಾಕಷ್ಟು ಹೀರದೆ ಉಳಿದದ್ದೂ ಇರಬಹುದು. ಹತ್ತು ಹದಿನೈದು ನಿಮಿಷ ಗ್ಲಾಸಿನಲ್ಲಿ ತೆರೆದಿಟ್ಟರೆ ಸ್ವಲ್ಪ ತಗ್ಗುತ್ತದೆ. ಒದ್ದೆ ರಟ್ಟಿನ ಮುಗ್ಗಲು ವಾಸನೆ ಕಾರ್ಕ್ ಕೆಟ್ಟದ್ದರಿಂದ, ಅದು ಎಷ್ಟು ಹೊತ್ತಿಟ್ಟರೂ ಹೋಗದು. ಸೋಪಿನ ವಾಸನೆ ಬಂದರೆ ಮೊದಲು ಗ್ಲಾಸು ತೊಳೆದವರನ್ನು ವಿಚಾರಿಸಿ.

ಮೂಗು ಪಳಗಿಸಲು ಮುಚ್ಚಳವಿರುವ ಆರು ಚಿಕ್ಕ ಶೀಶೆಗಳು ಸಾಕು. ನಾಲ್ಕು ಲವಂಗ ಜಜ್ಜಿದ್ದು, ಒಂದು ಚಮಚ ಒಣಕೊಬ್ಬರಿ ತುರಿ, ಬಾಳೆಹಣ್ಣಿನ ತುಂಡು, ಹತ್ತು ಒಣದ್ರಾಕ್ಷಿ, ಒಂದು ಚಮಚ ಜೋನಿಬೆಲ್ಲ, ಸುಟ್ಟ ತೆಂಗಿನ ಗೆರಟೆಯ ಚೂರು, ಒಂದೊಂದರಲ್ಲಿ ಒಂದೊಂದು. ಮನೆಯವರು ಒಂದೊಂದಾಗಿ ಕೊಡಲಿ, ನೀವು ಕಣ್ಣು ಮುಚ್ಚಿ ಹೆಸರು ಹೇಳಿ. ಆರರಲ್ಲಿ ಆರೂ ಸರಿ ಹೇಳುವುದು ಮೊದಲ ದಿನ ಕಷ್ಟ. ಆಶ್ಚರ್ಯವೆಂದರೆ ದಿನಾ ತಿನ್ನುವ ಕೊಬ್ಬರಿಯೇ ಹೆಚ್ಚಿನವರಿಗೆ ಕೈಕೊಡುತ್ತದೆ, ಕಣ್ಣಿನ ನೆರವಿಲ್ಲದೆ ಅದನ್ನು ಮೂಸಿದ ಅಭ್ಯಾಸವಿರುವುದಿಲ್ಲ.

ಬರೆಯುವಾಗ ತಾರೀಕು, ಲೇಬಲ್ಲಿನ ಪೂರ್ತಿ ಹೆಸರು, ಶೇಕಡಾ, ಬಾಟಲಿಯಲ್ಲಿ ಉಳಿದದ್ದು ಎಷ್ಟು, ಎಷ್ಟು ಮಿಲಿ ನೀರು, ಇವು ಮೇಲೆ. ಕೆಳಗೆ ಮೂರೇ ಸಾಲು: ಮೂಗಿಗೆ ಏನು, ಬಾಯಿಗೆ ಏನು, ನುಂಗಿದ ಮೇಲೆ ಎಷ್ಟು ಹೊತ್ತು ಏನು ಉಳಿಯಿತು. ‘ಸೂಪರ್’, ‘ಸ್ಮೂತ್’ ಎಂಬ ಪದಗಳನ್ನು ದಯವಿಟ್ಟು ಬಿಡಿ. ಆರು ತಿಂಗಳ ನಂತರ ಓದಿದರೆ ಅವುಗಳಿಂದ ನಿಮಗೇ ಏನೂ ತಿಳಿಯುವುದಿಲ್ಲ.

ಸ್ನೇಹಿತರು ತಂದ ಲಾಫ್ರೋಯ್ಗ್ ಕುಡಿದೆ. ಟಿಂಚರ್ ಅಯೋಡಿನ್, ಆಸ್ಪತ್ರೆಯ ಬ್ಯಾಂಡೇಜು. ಇದನ್ನು ಇಷ್ಟಪಡುವುದು ಹೇಗೆ?
– ವಾಶಿ, ನವಿ ಮುಂಬಯಿ

ನೀವು ಮೂಸಿದ್ದು ಸರಿಯಾಗಿದೆ. ಸ್ಕಾಟ್ಲೆಂಡಿನ ಐಲಾ ದ್ವೀಪದ ಆ ವಿಸ್ಕಿ ಹೆಸರಾಗಿರುವುದೇ ಆ ಔಷಧಿಯ ವಾಸನೆಗೆ. ಮೊಳಕೆ ಬರಿಸಿದ ಬಾರ್ಲಿಯನ್ನು ಒಣಗಿಸಲು ಅಲ್ಲಿ ಪೀಟ್ ಸುಡುತ್ತಾರೆ. ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತು ಒತ್ತಿಹೋದ ಸಸ್ಯಗಳ ಹೆಂಟೆ ಅದು. ಅದರ ಹೊಗೆಯ ಫಿನಾಲುಗಳು ಕಾಳಿಗೆ ಅಂಟಿಕೊಳ್ಳುತ್ತವೆ. ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಫಿನಾಲು ಎಷ್ಟು ಪಾಲು) ಎಂದು ಹೇಳುವ ಅಳತೆ ಸಾಮಾನ್ಯವಾಗಿ ಒಣಗಿದ ಕಾಳಿನದು, ಬಾಟಲಿಯದಲ್ಲ. ಬಟ್ಟಿ ಇಳಿಸುವಾಗ, ಮಾಗುವಾಗ ಅದರಲ್ಲಿ ಬಹುಪಾಲು ಕಳೆದುಹೋಗುತ್ತದೆ. ಆದ್ದರಿಂದ ಎರಡು ಬಾಟಲಿಗಳನ್ನು ಪಿಪಿಎಂ ಸಂಖ್ಯೆಯಿಂದಲೇ ಹೋಲಿಸಿದರೆ ಮೋಸಹೋಗುತ್ತೀರಿ.

ಇಷ್ಟಪಡಲೇಬೇಕು ಎಂದೇನಿಲ್ಲ. ಪಳಗಬೇಕೆಂದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ. ಪಾಲ್ ಜಾನ್‌ನಲ್ಲೇ ಈ ಮೆಟ್ಟಿಲು ಇದೆ: ಬ್ರಿಲಿಯನ್ಸ್‌ಗೆ ಹೊಗೆಯಿಲ್ಲ, ಎಡಿಟೆಡ್‌ಗೆ ಸ್ವಲ್ಪ, ಬೋಲ್ಡ್‌ಗೆ ಪೂರ್ತಿ. ಮೂರೂ ಶೇ. 46, ಹಾಗಾಗಿ ಹೋಲಿಕೆ ನೇರವಾಗುತ್ತದೆ. ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜು ಇಷ್ಟಪಡುವವರಿಗೆ ಎರಡನೆಯ ಮೆಟ್ಟಿಲು ಕಷ್ಟವಾಗದು.

ಸ್ಕಾಚ್ ಬಾಟಲಿಯ ಮೇಲೆ 12 ವರ್ಷ, 18 ವರ್ಷ ಎಂದಿರುತ್ತದೆ. ಬೆಂಗಳೂರಿನ, ಗೋವಾದ ಸಿಂಗಲ್ ಮಾಲ್ಟ್‌ಗಳ ಮೇಲೆ ಹೆಚ್ಚಾಗಿ ವಯಸ್ಸೇ ಇಲ್ಲ. ಮುಚ್ಚಿಡುವುದು ಏಕೆ?
– ಮಾಟುಂಗಾ

ಮುಚ್ಚಿಡುವುದಕ್ಕಿಂತ, ತೋರಿಸುವಷ್ಟು ದಿನ ಪೀಪಾಯಿಯಲ್ಲಿ ಇಡಲಾಗುವುದಿಲ್ಲ ಎನ್ನುವುದು ಸರಿ. ಪೀಪಾಯಿಯ ಮರದ ಮೂಲಕ ವಿಸ್ಕಿ ಆವಿಯಾಗುತ್ತಲೇ ಇರುತ್ತದೆ, ಇದನ್ನು ‘ಏಂಜಲ್ಸ್ ಶೇರ್’ (ದೇವದೂತರ ಪಾಲು) ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ. 2. ಪಾಲ್ ಜಾನ್ ತಯಾರಾಗುವ ದಕ್ಷಿಣ ಗೋವಾದ ಕುಂಕಳ್ಳಿಯಲ್ಲಿ ಸುಮಾರು ಶೇ. 8, ಬೆಂಗಳೂರಿನಲ್ಲಿ ಶೇ. 10 ದಾಟುತ್ತದೆ. ಅಮೆರಿಕದ ಬರ್ಬನ್ ವಿಸ್ಕಿ ತುಂಬಿದ್ದ 200 ಲೀಟರಿನ ಪೀಪಾಯಿ ತೆಗೆದುಕೊಳ್ಳಿ. ಶೇ. 2ರಂತೆ ಐದು ವರ್ಷಕ್ಕೆ 181 ಲೀಟರ್ ಉಳಿಯುತ್ತದೆ. ಶೇ. 8ರಂತೆ 132 ಲೀಟರ್. ಹತ್ತು ವರ್ಷ ಬಿಟ್ಟರೆ ಗೋವಾದ ಪೀಪಾಯಿಯಲ್ಲಿ 87 ಲೀಟರ್, ಅಂದರೆ ಅರ್ಧವೂ ಇಲ್ಲ. 2013ರಲ್ಲಿ ಅಮೃತ್ ಎಂಟು ವರ್ಷದ ವಿಸ್ಕಿ ಹೊರತಂದಾಗ ಅದಕ್ಕೆ ‘ಗ್ರೀಡಿ ಏಂಜಲ್ಸ್’ (ದುರಾಸೆಯ ದೇವದೂತರು) ಎಂದು ಹೆಸರಿಟ್ಟದ್ದು ಈ ಆವಿಯ ಪಾಲನ್ನು ನೆನೆದೇ.

‘ಗೋವಾದ ಐದು ವರ್ಷ ಸ್ಕಾಟ್ಲೆಂಡಿನ ಹದಿನೈದಕ್ಕೆ ಸಮ’ ಎಂದು ಅಂಗಡಿಯವರು ಹೇಳುವುದನ್ನು ನಂಬಬೇಡಿ. ಸೆಕೆಗೆ ಮರದ ಬಣ್ಣ, ವೆನಿಲಾ, ಲವಂಗ, ಒಗರು ಬೇಗ ಇಳಿಯುತ್ತವೆ ನಿಜ. ಆದರೆ ಗಾಳಿ ತಾಗಿ ನಿಧಾನವಾಗಿ ಆಗುವ ಬದಲಾವಣೆಗಳಿಗೆ ವರ್ಷಗಳೇ ಬೇಕು, ಅವನ್ನು ಬಿಸಿಲು ಓಡಿಸಲಾರದು. ಇಲ್ಲಿನ ವಿಸ್ಕಿಗೆ ತನ್ನದೇ ಗುಣವಿದೆ: ದಪ್ಪ, ಮಸಾಲೆಯ ಕಾವು, ಹಣ್ಣು. ಮರದಲ್ಲಿ ಹೆಚ್ಚಾದರೆ ಕಡು ಚಹಾದಂತೆ ಒಗರು. 2004ರಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಮೊದಲು ಮಾರಾಟಕ್ಕೆ ಹೋದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋಗೆ, ಪಾಲ್ ಜಾನ್ 2012ರಲ್ಲಿ ಲಂಡನ್ನಿಗೆ. ಬಾಟಲಿಯ ಮೇಲೆ ವಯಸ್ಸಿಲ್ಲದೆಯೇ ಅಲ್ಲಿ ನೆಲೆಯೂರಿದವು.

ಗಾಢ ಬಣ್ಣ ಎಂದರೆ ಹಳೆಯ ವಿಸ್ಕಿ, ಗ್ಲಾಸಿನ ಗೋಡೆಯ ಮೇಲೆ ಗೆರೆ ದಪ್ಪಗಿಳಿದರೆ ಒಳ್ಳೆಯ ವಿಸ್ಕಿ. ನಿಜವೇ?
– ಮುಲುಂಡ್

ಎರಡೂ ಅಲ್ಲ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನಿನ ಅನುಮತಿಯೇ ಇದೆ. ಗೆರೆಗಳು ಮುಖ್ಯವಾಗಿ ಆಲ್ಕೋಹಾಲ್ ಎಷ್ಟಿದೆ ಎಂದು ಹೇಳುತ್ತವೆ. ಗೋಡೆಯ ತೆಳು ಪದರದಿಂದ ಆಲ್ಕೋಹಾಲ್ ಮೊದಲು ಆರಿ, ಉಳಿದ ನೀರಿನ ಎಳೆತ ಹೆಚ್ಚಾಗಿ, ದ್ರವ ಮೇಲೇರಿ ಹನಿಗಟ್ಟಿ ಇಳಿಯುತ್ತದೆ.

ಅಗ್ಗದ ದೇಶಿ ವಿಸ್ಕಿಗೂ ಸಿಂಗಲ್ ಮಾಲ್ಟ್‌ಗೂ ಒಂದೇ ಹೆಸರು ಏಕೆ?
– ಭಿವಂಡಿ

ನಮ್ಮ ದೇಶದ ದಿನಬಳಕೆಯ ಅನೇಕ ವಿಸ್ಕಿಗಳ ಮೂಲ ಸ್ಪಿರಿಟ್ ಕಬ್ಬಿನ ಕಾಕಂಬಿಯಿಂದ ಅಥವಾ ಧಾನ್ಯದಿಂದ ತೆಗೆದ, ರುಚಿಯೇ ಇಲ್ಲದ ಶುದ್ಧ ಆಲ್ಕೋಹಾಲ್. ಅದಕ್ಕೆ ಸ್ವಲ್ಪ ಮಾಲ್ಟ್ ಸ್ಪಿರಿಟ್ ಬೆರೆಸುತ್ತಾರೆ. ಕಾಕಂಬಿಯದನ್ನು ಯುರೋಪಿನಲ್ಲಿ ವಿಸ್ಕಿ ಎಂದು ಮಾರುವಂತಿಲ್ಲ. ಸಿಂಗಲ್ ಮಾಲ್ಟ್ ಎಂದರೆ ಒಂದೇ ಡಿಸ್ಟಿಲರಿಯ, ಮೊಳಕೆ ಬಾರ್ಲಿಯದೇ ವಿಸ್ಕಿ. ಮೊದಲನೆಯದನ್ನು ಸೋಡಾ ಬೆರೆಸಿ ತಣ್ಣಗೆ ಕುಡಿಯುವುದೇ ಸರಿ. 30 ಮಿಲಿಗೆ 90 ಮಿಲಿ ಸೋಡಾ. ಅದರಲ್ಲಿ ಹೀದರ್ ಹುಡುಕಬೇಕಿಲ್ಲ.

ಮಳೆಗಾಲ ಮುಗಿದು ಬಾಟಲಿ ತೆಗೆದರೆ ಲೇಬಲ್ಲಿನ ಮೇಲೆ ಬೂಷ್ಟು, ಕಾರ್ಕ್ ಎಳೆದರೆ ಅರ್ಧ ಮುರಿದು ಒಳಗೆ ಬಿತ್ತು. ಮುಕ್ಕಾಲು ಬಾಟಲಿ ಇದೆ. ಚೆಲ್ಲಬೇಕೇ?
– ಅಂಧೇರಿ

ಚೆಲ್ಲಬೇಡಿ. ಬೂಷ್ಟು ಕಾಗದದ ಮೇಲಿನದು, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಮುರಿದ ಕಾರ್ಕನ್ನು ಒಳಗೇ ತಳ್ಳಿ, ಕಾಫಿ ಸೋಸುವ ಕಾಗದದ ಫಿಲ್ಟರಿನಲ್ಲಿ ಇನ್ನೊಂದು ಒಣಗಿದ ಗಾಜಿನ ಬಾಟಲಿಗೆ ಸೋಸಿ. ತೆಳು ಮಲ್ ಬಟ್ಟೆಯೂ ಆಗುತ್ತದೆ, ಆದರೆ ಸೋಪು ಹಾಕಿ ಒಗೆದದ್ದು ಬೇಡ. ಖಾಲಿಯಾದ ಬಾಟಲಿಗಳ ಒಳ್ಳೆಯ ಕಾರ್ಕುಗಳನ್ನು ಎಸೆಯದೆ ಎತ್ತಿಟ್ಟುಕೊಂಡರೆ ಇಂಥ ದಿನ ಉಪಯೋಗಕ್ಕೆ ಬರುತ್ತವೆ.

ವೈನ್ ಬಾಟಲಿಯಂತೆ ವಿಸ್ಕಿಯನ್ನು ಮಲಗಿಸಿಡಬಾರದು. ಕಡು ಆಲ್ಕೋಹಾಲ್ ಕಾರ್ಕನ್ನು ತಿಂದು ಪುಡಿ ಮಾಡುತ್ತದೆ. ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ಕಪಾಟಿನಲ್ಲಿ, ಗ್ಯಾಸ್ ಒಲೆಯಿಂದಲೂ ಫ್ರಿಜ್ಜಿನ ಹಿಂಬದಿಯಿಂದಲೂ ದೂರ ಇಡಿ. ಬಾಟಲಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಉಳಿದಾಗ ಒಳಗಿನ ಗಾಳಿ ರುಚಿಯನ್ನು ಬೇಗ ಸಪ್ಪೆ ಮಾಡುತ್ತದೆ. ಹೊಗೆ ಮೊದಲು ಹೋಗುತ್ತದೆ. 180 ಮಿಲಿಯ ಗಾಜಿನ ಕ್ವಾರ್ಟರ್ ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಕತ್ತಿನವರೆಗೆ ತುಂಬಿಸಿಡಿ. ಪ್ಲಾಸ್ಟಿಕ್ ಬಾಟಲಿ ಬೇಡ. ಮದುವೆಗೆ ಉಡುಗೊರೆ ಬಂದ ಕ್ರಿಸ್ಟಲ್ ಡಿಕ್ಯಾಂಟರಿನಲ್ಲಿ ಅಂತೂ ದಿನಗಟ್ಟಲೆ ಇಡಲೇಬೇಡಿ. ಹಳೆಯ ಕ್ರಿಸ್ಟಲ್ಲಿನ ಸೀಸ ವಿಸ್ಕಿಗೆ ಇಳಿಯುತ್ತದೆ.

ನಾವು ಆರು ಮಂದಿ ಸೇರಿ ನಾಲ್ಕು ಬಾಟಲಿ ಹೋಲಿಸಬೇಕೆಂದಿದ್ದೇವೆ. ಯಾವುದು ಮೊದಲು? ಜೊತೆಗೆ ತಿನ್ನಲು ಏನು?
– ಠಾಣೆ

ಒಬ್ಬೊಬ್ಬರಿಗೆ ಒಂದೊಂದರಿಂದ 15 ಮಿಲಿ, ಅದಕ್ಕಿಂತ ಹೆಚ್ಚು ಬೇಡ. ಪ್ರತಿ ಬಾಟಲಿಯಿಂದ 90 ಮಿಲಿ ಖರ್ಚು, ತಲೆಗೆ ಒಟ್ಟು 60 ಮಿಲಿ. ಶೇ. 46ರ ಲೆಕ್ಕದಲ್ಲಿ ಅದು ಸುಮಾರು 22 ಗ್ರಾಂ ಶುದ್ಧ ಆಲ್ಕೋಹಾಲ್. ಎರಡು ಗಂಟೆಗೆ ಕಡಿಮೆಯಿಲ್ಲದಂತೆ ಹಂಚಿಕೊಳ್ಳಿ, ಒಬ್ಬೊಬ್ಬರೂ ಅರ್ಧ ಲೀಟರ್ ನೀರು ಕುಡಿಯಿರಿ. ನುಂಗದೆ ಉಗುಳಲು ಒಂದು ಮಗ್ಗು ಇಡಿ, ಅದರಲ್ಲಿ ಅವಮಾನವೇನಿಲ್ಲ. ಗಾಡಿ ಬೇಡ. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಇಷ್ಟೇ ಕುಡಿದರೂ ಅದನ್ನು ದಾಟಬಹುದು.

ಕಡಿಮೆ ಶೇಕಡಾದಿಂದ ಹೆಚ್ಚಿನದಕ್ಕೆ ಹೋಗಿ. ಹೊಗೆಯದನ್ನು ಮಾತ್ರ, ಶೇಕಡಾ ಎಷ್ಟೇ ಇರಲಿ, ಕೊನೆಗಿಡಿ. ಒಮ್ಮೆ ಹೊಗೆ ಬಾಯಿಗೆ ಬಿದ್ದರೆ ಮುಂದಿನದೆಲ್ಲ ಬೂದಿ. ಶೆರ್ರಿ ಪೀಪಾಯಿಯದು ಅದಕ್ಕಿಂತ ಒಂದು ಹೆಜ್ಜೆ ಮುಂಚೆ. ಬಾಟಲಿಗಳಿಗೆ ಕಾಗದ ಸುತ್ತಿ ಒಂದು, ಎರಡು ಎಂದು ನಂಬರು ಹಾಕಿ, ಎಲ್ಲರೂ ಬರೆದು ಮುಗಿಸಿದ ಮೇಲೆ ಬಿಚ್ಚಿ. ಬೆಲೆ ಗೊತ್ತಿದ್ದರೆ ನಾಲಿಗೆ ಬೆಲೆಯನ್ನೇ ಸವಿಯುತ್ತದೆ.

ಸವಿಯುವ ಮುಂಚೆ ಚಿಕನ್ ಘೀ ರೋಸ್ಟ್, ಬಂಗುಡೆ ಪುಳಿಮುಂಚಿ ಬೇಡವೇ ಬೇಡ. ಮೆಣಸಿನ ಉರಿಯೂ ಹುಳಿಯೂ ನಾಲಿಗೆಯನ್ನು ಒಂದು ಗಂಟೆ ಹಿಡಿದಿಟ್ಟುಕೊಳ್ಳುತ್ತವೆ. ನಡುನಡುವೆ ಬಾಯಿ ಸರಿಮಾಡಿಕೊಳ್ಳಲು ಸಾದಾ ನೀರುದೋಸೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಉಪ್ಪು ಕಡಿಮೆ, ಎಣ್ಣೆ ಕಡಿಮೆ, ಮೆತ್ತಗೆ. ಚಟ್ನಿ ಬೇಡ. ಎಲ್ಲ ಮುಗಿದ ಮೇಲೆ ಶೆರ್ರಿಯದರ ಜೊತೆ ಖರ್ಜೂರ, ಹೊಗೆಯದರ ಜೊತೆ ಹುರಿದ ಗೋಡಂಬಿ. ಅದಾದ ಮೇಲೆ ಘೀ ರೋಸ್ಟ್ ಧಾರಾಳವಾಗಿ ಬರಲಿ.

ಗೋವಾದಿಂದ ಮುಂಬಯಿಯ ಭಾವನ ಮನೆಗೆ ಎರಡು ಬಾಟಲಿ ಒಯ್ಯಬಹುದೇ?
– ವಾಸ್ಕೋ

‘ಗೋವಾದಲ್ಲಿ ಮಾತ್ರ ಮಾರಾಟಕ್ಕೆ’ ಎಂದು ಅಚ್ಚಾದ ಬಾಟಲಿಯನ್ನು ಪರವಾನಗಿ ಇಲ್ಲದೆ ಮಹಾರಾಷ್ಟ್ರದೊಳಗೆ ತಂದರೆ ಅಬಕಾರಿಯವರು ಹಿಡಿಯುತ್ತಾರೆ. ಪರವಾನಗಿ ಪಡೆದು ಬಿಲ್ಲಿನ ಜೊತೆ ಒಯ್ಯಿರಿ. ಮಹಾರಾಷ್ಟ್ರದಲ್ಲಿ ಕುಡಿಯುವವರಿಗೂ ಪರ್ಮಿಟ್ ಬೇಕು, ವಿಸ್ಕಿಗೆ ವಯಸ್ಸು 25 ಆಗಿರಬೇಕು. ವಿಮಾನದಲ್ಲಿ ಶೇ. 24ರಿಂದ 70ರವರೆಗಿನ ಮದ್ಯ ಒಬ್ಬರಿಗೆ 5 ಲೀಟರ್ ಮಿತಿ, ಸೀಲ್ ಒಡೆಯದೆ, ಚೆಕ್-ಇನ್ ಬ್ಯಾಗಿನಲ್ಲಿ. ಆದರೆ ವಿಮಾನದ ಮಿತಿ ಬೇರೆ, ರಾಜ್ಯದ ಪರವಾನಗಿ ಬೇರೆ. ಒಂದಿದ್ದರೆ ಇನ್ನೊಂದು ಬೇಡ ಎಂದುಕೊಳ್ಳಬೇಡಿ.

ನಕಲಿ ಬಾಟಲಿ ಗುರುತಿಸುವುದು ಹೇಗೆ? ಹೊತ್ತಿಸಿ ನೋಡಿದರೆ ತಿಳಿಯುತ್ತದೆ ಎನ್ನುತ್ತಾರೆ.
– ಪಿಂಪ್ರಿ

ಹೊತ್ತಿಸಿ ನೋಡಿದರೆ ಏನೂ ತಿಳಿಯದು. ವಿಷವಾದ ಮೆಥನಾಲ್‌ಗೆ ಬೇರೆ ವಾಸನೆ, ಬೇರೆ ರುಚಿ ಎಂದು ಗುರುತಿಸುವಂಥದ್ದೂ ಇಲ್ಲ. 2015ರ ಜೂನ್‌ನಲ್ಲಿ ಮಲಾಡಿನ ಮಾಲ್ವಣಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತದ್ದು ಇಂಥ ಕಳ್ಳಭಟ್ಟಿಯಿಂದ. ಲೈಸೆನ್ಸ್ ಇರುವ ವೈನ್ ಶಾಪಿನಿಂದ ಬಿಲ್ಲು ಪಡೆದೇ ಕೊಳ್ಳಿ. ಮುಚ್ಚಳದ ಸೀಲ್, ಅಬಕಾರಿ ಸ್ಟಿಕ್ಕರ್, ಕತ್ತಿನಲ್ಲಿ ತುಂಬಿದ ಮಟ್ಟ ನೋಡಿ. ಮಾಮೂಲಿಗಿಂತ ತೀರಾ ಅಗ್ಗಕ್ಕೆ ಯಾರಾದರೂ ಮನೆಗೇ ತಂದುಕೊಟ್ಟರೆ ಬೇಡವೆನ್ನಿ. ಕುಡಿದ ಮರುದಿನ ಕಣ್ಣು ಮಂಜಾದರೆ, ಹೊಟ್ಟೆನೋವು, ಏದುಸಿರು ಬಂದರೆ ಹ್ಯಾಂಗೋವರ್ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ. ಇನ್ನೊಂದು ಸಣ್ಣ ಕೆಲಸ: ಖಾಲಿ ದುಬಾರಿ ಬಾಟಲಿಯನ್ನು ರದ್ದಿಯವರಿಗೆ ಕೊಡುವ ಮುಂಚೆ ಲೇಬಲ್ ಕಿತ್ತು, ಮುಚ್ಚಳ ಜಜ್ಜಿ ಕೊಡಿ. ನಕಲಿ ತುಂಬುವವರಿಗೆ ಬೇಕಾದದ್ದು ಅವೇ.

ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ದಿನಕ್ಕೊಂದು ಸಣ್ಣ ಪೆಗ್ ಪರವಾಗಿಲ್ಲವೇ?
– ಚೆಂಬೂರ್

ಶೇ. 42.8ರ 30 ಮಿಲಿಯಲ್ಲಿ 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಕೆಲವು ಮಾತ್ರೆಗಳ ಜೊತೆ, ಅಥವಾ ಇನ್ಸುಲಿನ್ ಚುಚ್ಚುಮದ್ದಿನ ಜೊತೆ, ಖಾಲಿ ಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೆಟ್‌ಫಾರ್ಮಿನ್ ಜೊತೆ ಬೇರೆಯೇ ಅಪಾಯವಿದೆ. ಮಾತ್ರೆಯ ಚೀಟಿ ಹಿಡಿದುಕೊಂಡು ನಿಮ್ಮ ಡಾಕ್ಟರನ್ನು ಕೇಳಿ, ಅಲ್ಲಿಯವರೆಗೆ ಬೇಡ. ಕಂಪು ಸವಿಯುವ ಆಸೆಯಿದ್ದರೆ ಮೂಸುವುದಕ್ಕೆ ಡಾಕ್ಟರರೂ ಬೇಡವೆನ್ನಲಾರರು. ರುಚಿ ಎಂದು ನಾವು ಕರೆಯುವುದರಲ್ಲಿ ಹೆಚ್ಚಿನ ಪಾಲು ಮೂಗಿನದೇ.

ಇದೇ ಗ್ಲಾಸು, ಇದೇ ಕ್ರಮದಲ್ಲಿ ನಮ್ಮ ಗೇರುಹಣ್ಣಿನ ಫೆನ್ನಿಯನ್ನೂ ಸವಿಯಬಹುದೇ?
– ಫೋಂಡಾ

ಧಾರಾಳವಾಗಿ. ಫೆನ್ನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ವಿಸ್ಕಿಗೆ ಕೊಡುವ ಗಮನವನ್ನೇ ಅದಕ್ಕೂ ಕೊಡಬೇಕು. ಸಾಮಾನ್ಯವಾಗಿ ಫೆನ್ನಿ ಪೀಪಾಯಿಗೆ ಹೋಗುವುದಿಲ್ಲ, ಆದ್ದರಿಂದ ಲವಂಗ, ವೆನಿಲಾ, ಕೊಬ್ಬರಿ ಹುಡುಕಬೇಡಿ. ಇರುವುದೆಲ್ಲ ಹಣ್ಣಿನದು, ಹುದುಗಿನದು. ಒಮ್ಮೆ ಇಳಿಸಿದ ಉರ್ರಾಕ್ ಸುಮಾರು ಶೇ. 15, ಬೇಸಿಗೆಯಲ್ಲಿ ಮಾತ್ರ, ಬಹುಕಾಲ ಇಡಲಾಗದು. ಮತ್ತೆ ಇಳಿಸಿದ್ದು ಫೆನ್ನಿ, ಬಾಟಲಿಯಲ್ಲಿ ಹೆಚ್ಚಾಗಿ ಶೇ. 42.8. 15 ಮಿಲಿ ಸುರಿದು ವಿಸ್ಕಿಗಿಂತ ತುಸು ದೂರದಿಂದ ಮೂಸಿ, 3 ಮಿಲಿ ನೀರು ಹಾಕಿ ಮತ್ತೆ ಮೂಸಿ. ಒಂದು ಹನಿಯನ್ನು ಅಂಗೈಗಳ ನಡುವೆ ಉಜ್ಜಿ, ಆಲ್ಕೋಹಾಲ್ ಆರಿದ ಮೇಲೆ ಉಳಿಯುವುದನ್ನು ನೋಡಿ. ಕಳಿತ ಗೇರುಹಣ್ಣು ಉಳಿದರೆ ಒಳ್ಳೆಯದು, ಕಮಟು ಅಥವಾ ಸೀದ ವಾಸನೆ ಉಳಿದರೆ ಭಟ್ಟಿಯ ತಳ ಹಿಡಿದಿರಬಹುದು.

ವಿಸ್ಕಿಯ ಜೊತೆ ಇಡುವುದಾದರೆ ಫೆನ್ನಿ ಎಲ್ಲಕ್ಕಿಂತ ಕೊನೆಗೆ, ಹೊಗೆಯದಕ್ಕಿಂತಲೂ ಕೊನೆಗೆ. ಅದರ ವಾಸನೆ ಗ್ಲಾಸಿಗೆ ಅಂಟಿಕೊಳ್ಳುತ್ತದೆ. ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಗ್ಲಾಸನ್ನು ನೆಟ್ಟಗೆ ನಿಲ್ಲಿಸಿ ರಾತ್ರಿಯಿಡೀ ಗಾಳಿಗೆ ಬಿಡಿ.